ಐದನೆಯವನೇ ಬೇಕು

ಪ್ರೆಸ್ಸಿನ ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿದ ದಿನವೇ ಲಗ್ನಪತ್ರಿಕೆ ಅಚ್ಚುಮಾಡುವ ಪ್ರೋಗ್ರಾಂ, ತನಗೆ ನೆರವಾಗುವ ‘ಲೈಬ್ರರಿ’ ಎಂಬ ತಂತ್ರಾಂಶದ ಹಳೆಯ ಆವೃತ್ತಿಯೇ ಬೇಕೆಂದು ಹಟ ಹಿಡಿದು ಕೂತಿತು.

‘ನನಗೆ ಅಕ್ಷರ ಜೋಡಿಸಿಕೊಡುತ್ತಿದ್ದ ಐದನೇ ಲೈಬ್ರರಿ ಎಲ್ಲಿ? ಅವನು ಬರದೆ ನಾನು ಏಳುವುದಿಲ್ಲ.’

‘ಅವರು ನಿವೃತ್ತರಾದರು. ಅವರ ಜಾಗಕ್ಕೆ ಬಂದಿರುವ ಆರನೇ ಲೈಬ್ರರಿ ನಾನು. ಅದೇ ಕೆಲಸ ಮಾಡಿಕೊಡುತ್ತೇನೆ.’

‘ನಿನ್ನೆ ಮೊನ್ನೆ ಬಂದವನ ಕೈಗೆ ನನ್ನ ಒತ್ತಕ್ಷರಗಳನ್ನು ಕೊಡಲೇ? ಸಾಧ್ಯವೇ ಇಲ್ಲ!’

ಮದುವೆ ಮನೆಯವರು ಬಾಗಿಲಲ್ಲೇ ಕಾಯುತ್ತಿದ್ದರು. ಪ್ರೆಸ್ಸಿನ ಒಡತಿ ಚಂಪಕ್ಕ ವಾದಕ್ಕಿಳಿಯಲಿಲ್ಲ. ಆರನೆಯವನ ಕೊರಳಿಗೆ ‘ಐದನೇ ಲೈಬ್ರರಿ’ ಎಂಬ ಚೀಟಿ ತೂಗುಹಾಕಿದಳು, ಅಷ್ಟೆ.

ಪ್ರೋಗ್ರಾಂ ಥಟ್ಟನೆ ಎದ್ದಿತು. ಮುನ್ನೂರು ಪತ್ರಿಕೆಗಳೂ ಒಂದೂ ತಪ್ಪಿಲ್ಲದೆ ಅಚ್ಚಾದವು. ಆಮೇಲೆ ಅದು ಹೊಸ ಲೈಬ್ರರಿಯ ಬೆನ್ನು ತಟ್ಟಿ ಹೇಳಿತು:

‘ಸದ್ಯ, ಬಂದೆಯಲ್ಲ ಮಾರಾಯ! ನೀನಿಲ್ಲದಾಗ ಆರನೆಯವನು ಅಂತ ಒಬ್ಬ ಬಂದಿದ್ದ. ಹತ್ತಿರ ಸೇರಿಸಿದೆನೇ ನಾನು?’