ಬೋಳಾದ ಮಗ್ಗ

ಹೊಳೆಯ ದಂಡೆಗೆ ಒಂದು ಮಗ್ಗದ ಕಾರ್ಖಾನೆ ಇತ್ತು. ಕಟ್ಟಿಸಿದವರು ಯಾರು ಅಂತ ಕೇಳಿದರೆ ಊರ ಹಿರೀಕರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಅಷ್ಟು ಹಳೆಯದು.

ಅಲ್ಲಿ ಕಿಟಕಿ ಹತ್ತಿರದ ಮಗ್ಗ ರಾಚೋಟಪ್ಪಜ್ಜನದು. ಅಜ್ಜ ಮೀಸೆ ಬರುವ ಮೊದಲು ಬಂದು ಕೂತವನು, ಮೀಸೆ ಬೆಳ್ಳಗಾದರೂ ಎದ್ದಿರಲಿಲ್ಲ. ಈಗ ಕಣ್ಣು ಮಂಜಾಗಿತ್ತು. ಈ ಸುಗ್ಗಿ ಮುಗಿದ ಮೇಲೆ ಮನೆಗೆ ಹೋಗುತ್ತೇನೆ ಅಂದಿದ್ದ.

ಮಗ್ಗ ಯಾರಿಗೆ ಅಂತ ಅಜ್ಜನೇ ಹೇಳಬೇಕು. ಅದು ಆ ಕಾರ್ಖಾನೆಯ ಪದ್ಧತಿ.

ಆಸೆ ಇಟ್ಟುಕೊಂಡವರು ಇಬ್ಬರು. ಒಬ್ಬ ಮುರಿಗೆಪ್ಪ, ಪಕ್ಕದ ಮಗ್ಗದವನು, ಕೈ ಬಹಳ ನಯ. ಇನ್ನೊಬ್ಬಳು ತುಳಜವ್ವ. ಅವಳು ಹುಡುಗಿಯಾಗಿದ್ದಾಗಿನಿಂದ ರಾಟಿ ತಿರುವಿ ಲಾಳಿಯೊಳಗಿನ ಕಂಡಕಿಗೆ ನೂಲು ಸುತ್ತುವವಳು. ಮಧ್ಯಾಹ್ನ ಉಳಿದವರು ಉಂಡು ಅಡ್ಡಾದಾಗ ಅಜ್ಜ ಅವಳನ್ನು ಮಗ್ಗಕ್ಕೆ ಕೂಡಿಸಿ ಕಲಿಸುತ್ತಿದ್ದ. ಅಜ್ಜ ಹೋದರೆ ಹೆಂಗಸನ್ನು ಅಲ್ಲಿ ಕೂಡಿಸುವವರು ಬೇರೆ ಯಾರೂ ಇರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

ಆ ಮಗ್ಗದ ಬಗ್ಗೆ ಎಲ್ಲರೂ ಒಂದು ಮಾತು ಹೇಳುತ್ತಿದ್ದರು. ಮುತ್ತಜ್ಜನ ಕಾಲದಿಂದ ಅದು ಒಮ್ಮೆಯೂ ಬೋಳಾಗಿಲ್ಲ ಅಂತ.

ಅದು ಹೇಗೆಂದರೆ, ಮಗ್ಗದ ಮೇಲೆ ಉದ್ದಕ್ಕೆ ಹಾಸಿದ ಎಳೆಗಳು ಮುಗಿಯುತ್ತ ಬಂದಾಗ ಪೂರ್ತಿ ತೆಗೆಯುವುದಿಲ್ಲ. ಒಂದಿಷ್ಟು ತುದಿ ಉಳಿಸಿ, ಜಾರದಂತೆ ಬೂದಿ ಹಚ್ಚಿ, ಹಳೆಯ ಒಂದೊಂದು ಎಳೆಗೆ ಹೊಸ ಒಂದೊಂದು ಎಳೆ ಹೊಸೆಯುತ್ತಾರೆ. ಆಮೇಲೆ ಮೆಲ್ಲಗೆ ಮುಂದಕ್ಕೆ ಎಳೆದರೆ, ಹಳೆಯದರ ಬೆನ್ನು ಹತ್ತಿ ಹೊಸದು ಎಳೆ ತೂರುವ ಅಚ್ಚಿನ ಕಣ್ಣು, ಬಾಚಣಿಗೆಯಂಥ ಹಣಿಗೆಯ ಹಲ್ಲು ಎಲ್ಲ ದಾಟಿ ತಾನೇ ಬರುತ್ತದೆ. ಬೋಳಾದರೆ ಪ್ರತಿ ಎಳೆಯನ್ನೂ ಕೈಯಿಂದ ಹೊಸದಾಗಿ ಪೋಣಿಸಬೇಕು.

ಅಮಾವಾಸ್ಯೆ ಬಂತು. ಆ ದಿನ ನೇಕಾರರು ಮಗ್ಗ ಮುಟ್ಟುವುದಿಲ್ಲ. ಕಾರ್ಖಾನೆ ಖಾಲಿ.

ತುಳಜವ್ವ ಬೆಳಿಗ್ಗೆಯೇ ಒಳಗೆ ಹೋದಳು. ಅಜ್ಜನ ಮಗ್ಗದಲ್ಲಿ ಹಾಸು ಮುಗಿದಿತ್ತು, ಹೊಸದು ಹಿಂದೆ ಕಾಯುತ್ತಿತ್ತು. ಒಬ್ಬಳೇ ಕೂತು ಎಲ್ಲ ಎಳೆ ಹೊಸೆದು ಅಜ್ಜನಿಗೆ ತೋರಿಸಬೇಕು ಅಂತ ಅವಳ ಮನಸ್ಸು.

ಹೊಸೆದಳು. ಬೆನ್ನು ಹಿಡಿದುಕೊಂಡರೂ ಬಿಡಲಿಲ್ಲ. ಹೊತ್ತು ಇಳಿಯುವಾಗ ಮುಗಿಯಿತು. ಖುಷಿಯಿಂದ ಎಳೆದಳು.

ಹೊಸೆದದ್ದು ಜಾರಿತು. ಹಳೆಯದೆಲ್ಲ ಈಚೆ ಬಂತು. ಹೊಸದೆಲ್ಲ ಆಚೆ ಉಳಿಯಿತು. ನಡುವೆ ಹಣಿಗೆ ಹಲ್ಲು ಕಿರಿದುಕೊಂಡು ನಿಂತಿತ್ತು.

ಹೊಳೆಯ ಕಡೆ ಕೈಕಾಲು ತೊಳೆಯಲು ಬಂದಿದ್ದ ಅಜ್ಜ, ಬಾಗಿಲು ತೆರೆದದ್ದು ನೋಡಿ ಒಳಗೆ ಬಂದ. ಮಗ್ಗವನ್ನು ಕೈಯಿಂದ ತಡವಿದ. ಎಳೆಯ ತುದಿ ಬೆರಳಲ್ಲಿ ಉಜ್ಜಿದ.

“ಬೂದಿ ಹಚ್ಚಿ ಹೊಸೆದಿಲ್ಲ?”

“ಗಡಿಬಿಡಿಯಾಗ ಮರತ್ನಿರಿ ಅಜ್ಜಾರ.”

ಅಜ್ಜ ಮಗ್ಗದ ಪಕ್ಕ ಕೂತ.

“ಮುತ್ತಜ್ಜನ ಕಾಲದ ಎಳಿ ನನ್ನ ಕೈಯಾಗ ಹೋತ್ರಿ. ನಾಳೆ ನನ್ನ ಮುಖ ಯಾರಿಗೆ ತೋರಸ್ಲಿ?”

“ಎಲ್ಲೈತಿ ಆ ಎಳಿ? ತಾ ಇಲ್ಲಿ.”

ತುಳಜವ್ವ ಜಾರಿ ಬಂದ ತುದಿಗಳನ್ನು ಅಜ್ಜನ ಕೈಗೆ ಕೊಟ್ಟಳು.

“ಇದು ಯಾವಾಗಿಂದು?”

“ಹೋದ ಹುಣ್ಣಿವಿ ಸುಮಾರಿಗೆ ಹಾಕಿದ್ದು.”

“ಅದರ ಹಿಂದಿಂದು?”

“ಸೀರಿ ಆಗಿ ಸಂತಿಗೆ ಹೋತ್ರಿ.”

“ಮುತ್ತಜ್ಜನದು?”

“ಯಾರೋ ಉಟ್ಟು ಹರದಿರಬೇಕು.”

“ಹಂಗಾರ ನೀ ಕಳದದ್ದು ಏನು?”



ಮರುದಿನ ಸುದ್ದಿ ಕಾರ್ಖಾನೆ ತುಂಬ ಹಬ್ಬಿತು.

“ಅಮಾಸಿ ದಿನ ಮಗ್ಗಕ್ಕ ಕ್ಷೌರ ಮಾಡಸ್ಯಾಳ ನಮ್ಮ ತುಳಜಕ್ಕ” ಅಂದ ಒಬ್ಬ.

“ಜುಟ್ಟನೂ ಬಿಟ್ಟಿಲ್ಲಲೇ” ಅಂದ ಇನ್ನೊಬ್ಬ.

ಮುರಿಗೆಪ್ಪ ಮಾತ್ರ ನಗಲಿಲ್ಲ. ತನ್ನ ಮಗ್ಗದ ಎಳೆಗಳನ್ನು ಇನ್ನೊಂದು ಸಲ ಮುಟ್ಟಿ ನೋಡಿಕೊಂಡ.

ಅಜ್ಜ ಮಗ್ಗದ ಹಿಂದೆ ಚಾಪೆ ಹಾಸಿ ಕೂತ. ಮುಂದೆ ತುಳಜವ್ವನನ್ನು ಕೂಡಿಸಿದ. ಹೊಸ ಹಾಸಿನಿಂದ ಒಂದು ಎಳೆ ಆರಿಸಿ ಅವಳ ಕಡೆ ಚಾಚಿದ.

“ಇದು ಯಾವ ಕಣ್ಣಿಗ್ರಿ?”

“ನನ್ನ ಕಣ್ಣ ಮಂಜು. ನನ್ನೇನ್ ಕೇಳ್ತಿ?”

ಅವಳು ತನಗೆ ತಿಳಿದಂತೆ ಪೋಣಿಸಿದಳು. ಸರಿಯಾದರೆ ಅಜ್ಜ ಮುಂದಿನ ಎಳೆ ಕೊಡುತ್ತಿದ್ದ. ತಪ್ಪಾದರೆ ಕೊಡುತ್ತಿರಲಿಲ್ಲ. ಬೆರಳ ತುದಿಯಿಂದ ಅವನಿಗೆ ಅದು ಹೇಗೋ ತಿಳಿಯುತ್ತಿತ್ತು. ಬೈಗುಳ ಇಲ್ಲ, ಮಾತಿಲ್ಲ. ಎಳೆ ಬರಲಿಲ್ಲ ಅಂದರೆ ಅವಳು ಬಿಚ್ಚಬೇಕು, ಮತ್ತೆ ಪೋಣಿಸಬೇಕು. ಸೀರೆಯಂಚಿನ ದಡಿಯ ಹತ್ತಿರ ಬಂದಾಗ ಅರ್ಧ ಹೊತ್ತು ಬಿಚ್ಚುವುದರಲ್ಲೇ ಹೋಯಿತು.

ಹೀಗೆ ಎಷ್ಟೋ ದಿನ ನಡೆಯಿತು. ನಗುವವರೂ ಬೇಜಾರು ಬಂದು ನಗುವುದನ್ನು ಬಿಟ್ಟರು.

ಒಂದು ದಿನ ಪೋಣಿಸುತ್ತಲೇ ತುಳಜವ್ವ ಕೇಳಿದಳು.

“ಅಜ್ಜಾರ, ಈ ಮಗ್ಗ ಒಮ್ಮೆನೂ ಬೋಳಾಗಿಲ್ಲ ಅಂತಾರಲ್ಲ. ಖರೇನ?”

“ನಮ್ಮಪ್ಪನ ಕಾಲಕ್ಕ ಹೊಳಿ ಒಳಗ ಬಂದಿತ್ತು. ಮಗ್ಗಾನ ತೇಲಿ ಹೋಗಿ ಜಾಲಿಕಂಟಿಗೆ ಸಿಕ್ಕಿತ್ತಂತ.”

ಅವಳ ಕೈ ನಿಂತಿತು. “ಮತ್ತ ಈ ಕಾರ್ಖಾನಿ ಇಷ್ಟು ದಿನ ಹೆಂಗ ಉಳೀತ್ರಿ?”

ಅಜ್ಜ ಮುಂದಿನ ಎಳೆ ಚಾಚಿದ. “ಹಿಡಿ.”

ಪೋಣಿಸುವುದು ಮುಗಿಯಿತು. ಲಾಳಿ ಓಡಿತು. ಬಟ್ಟೆ ಬಿತ್ತು. ದಡಿ ನೆಟ್ಟಗಿತ್ತು.

ಸುಗ್ಗಿಯೂ ಮುಗಿಯಿತು. ಅಜ್ಜ ಹೊರಡುವ ದಿನ ಎಲ್ಲರೂ ಕೆಲಸ ಬಿಟ್ಟು ಸುತ್ತ ನಿಂತರು. ಕಾರ್ಖಾನೆಯ ಮೇಸ್ತ್ರಿ ಕೇಳಿದ, “ರಾಚೋಟಪ್ಪಣ್ಣ, ಮಗ್ಗ ಯಾರಿಗೆ?”

“ತುಳಜವ್ವಗ.”

ತುಳಜವ್ವ ರಾಟಿಯ ಹತ್ತಿರದಿಂದ ಏಳಲಿಲ್ಲ. ಅವಳ ಕಣ್ಣು ತುಂಬಿತ್ತು.

“ಬ್ಯಾಡ್ರಿ ಅಜ್ಜಾರ. ನಾ ಕೆಡಿಸಿದಾಕಿ. ಮುರಿಗೆಪ್ಪಣ್ಣಗ ಕೊಡ್ರಿ. ಅಂವ ಒಂದಿನಾನೂ ಮಗ್ಗ ಬೋಳ ಮಾಡಿಲ್ಲ.”

ಅಜ್ಜ ತನ್ನ ಪಂಜೆ ಕೊಡವಿಕೊಂಡು ಎದ್ದ. ಅವಳ ಹತ್ತಿರ ಬಂದು ರಾಟಿಯ ಮೇಲಿನಿಂದ ಅವಳ ಕೈ ಎತ್ತಿದ.

“ಅದಕ್ಕ ಅಂವ ಇನ್ನೂ ಹೆದರಕೋಂತ ನೇಯ್ತಾನ. ನಿಂದು ಹೆದರೂದು ಮುಗದೈತಿ. ಹೋಗಿ ಕುಂದ್ರು.”