ಕೂಳಿಯ ಬಾಯಿ

ಬೋಳಯ್ಯನವರ ಆಶ್ರಮವೆಂದರೆ ಹೊಳೆಯ ದಂಡೆಯ ಒಂದು ಗುಡಿಸಲು. ಹೊರಗೆ ಫಲಕವಿರಲಿಲ್ಲ, ಒಳಗೆ ದೇವರ ಪಟವೂ ಇರಲಿಲ್ಲ. ಶಿಷ್ಯ ಒಬ್ಬನೇ, ನಿಂಗರಾಜ.

ನಿಂಗರಾಜನಿಗೆ ಕಂಡದ್ದರಲ್ಲೆಲ್ಲ ಅರ್ಥ ಹುಡುಕುವ ಚಟ.

ಮುಂಗಾರಿನ ಮೊದಲ ಕೆಂಪು ನೀರು ಬಂತು. ಮೀನುಗಳು ಹರಿವಿಗೆ ಎದುರಾಗಿ, ಬಂಡೆಗಳನ್ನು ಹಾರಿ, ಮೇಲಕ್ಕೆ ಹೊರಟವು.

“ಗುರುಗಳೇ, ಜೀವಾತ್ಮ ಪರಮಾತ್ಮನ ಕಡೆಗೆ ಹತ್ತುವುದೂ ಹೀಗೇ ಅಲ್ಲವೇ?”

“ಮೊಟ್ಟೆ ಇಡೋಕೆ ಹೋಗ್ತಾವೆ,” ಎಂದರು ಬೋಳಯ್ಯ.

ದಂಡೆಯುದ್ದಕ್ಕೂ ಜನ ಕೂಳಿ ಹೂಡಿದ್ದರು. ಕೂಳಿ ಎಂದರೆ ಬಿದಿರಿನ ಉದ್ದನೆಯ ಬುಟ್ಟಿ. ಒಳಗೆ ಹೋದ ಮೀನಿಗೆ ಹೊರಬರುವ ದಾರಿ ಸಿಗುವುದಿಲ್ಲ. ಎಲ್ಲರ ಕೂಳಿಯ ಬಾಯಿಯೂ ಹೊಳೆಯ ಕೆಳಗಿನ ಕಡೆಗಿತ್ತು. ಹತ್ತುವ ಮೀನು ನೇರವಾಗಿ ಒಳಗೆ.

ಬೋಳಯ್ಯನವರ ಕೂಳಿಯ ಬಾಯಿ ಮಾತ್ರ ಮೇಲಿನ ಕಡೆಗೆ. ಮೊಟ್ಟೆಯಿಟ್ಟು ಇಳಿದು ಬರುವ ಮೀನಿಗಾಗಿ ಅದು ಕಾಯುತ್ತಿತ್ತು. ಇಳಿಯುವ ಕಾಲ ಇನ್ನೂ ಬಂದಿರಲಿಲ್ಲ. ಸದ್ಯಕ್ಕೆ ಅದರಲ್ಲಿ ಬೀಳುತ್ತಿದ್ದದ್ದು ತರಗೆಲೆ. ಒಮ್ಮೆ ಒಂದು ಏಡಿ.

“ಇದು ಅಹಿಂಸೆಯೇ, ಗುರುಗಳೇ?”

“ಅಲ್ಲ. ಬರೋ ವರ್ಷವೂ ನಂಗೆ ಮೀನು ಬೇಕು.”

ಆ ವಾರ ನಿಂಗರಾಜನ ಅಣ್ಣ ಮಾದಪ್ಪ ಬಂದ. ಊರಲ್ಲಿ ಹಿಟ್ಟಿನ ಗಿರಣಿ ನಡೆಸುವವನು. ಮಾತಾಡಿದರೂ ಗಿರಣಿಯದೇ ಸದ್ದು. ಗುಡಿಸಲನ್ನು ನೋಡಿದ. ಗುರುವನ್ನು ನೋಡಿದ. ಕೂಳಿಯನ್ನು ನೀರಿನಿಂದೆತ್ತಿ ಅಲ್ಲಾಡಿಸಿದ.

“ಊರವರ ಕೂಳೀಲಿ ಮೀನು ಒದ್ದಾಡ್ತಾವೆ. ನಿಮ್ಮ ಸ್ವಾಮಿಗಳಿಗೆ ಇದನ್ನ ಯಾವ ಕಡೆ ಇಡಬೇಕು ಅಂತಾನೂ ಗೊತ್ತಿಲ್ಲ. ಇವರ ಹತ್ರ ನೀನು ಮೋಕ್ಷ ಕಲೀತೀಯೇನೋ?”

“ಅಣ್ಣಾ, ಮೆತ್ತಗೆ.”

“ನಾಳೆ ಮಧ್ಯಾಹ್ನ ಎಲೆಗೆ ಮೀನು ಬಿದ್ರೆ ನಿನ್ನ ಪಾಡಿಗೆ ನಿನ್ನ ಬಿಟ್ಟು ಹೋಗ್ತೀನಿ. ಇಲ್ಲಾಂದ್ರೆ ಗಂಟು ಕಟ್ಟು. ಗಿರಣೀಲಿ ಕೆಲಸಕ್ಕೆ ಜನ ಇಲ್ಲ.”

ನಿಂಗರಾಜ ಹೂಂ ಎಂದ. ಅಣ್ಣನಿಗೆ ಇಲ್ಲ ಎನ್ನುವುದನ್ನು ಅವನು ಎಂದೂ ಕಲಿತಿರಲಿಲ್ಲ. ಆದರೆ ಅವನಿಗೆ ಹೋಗಲು ಮನಸ್ಸಿರಲಿಲ್ಲ. ಈ ದಂಡೆಗೆ ಬಂದ ಮೇಲೇ ಅವನಿಗೆ ಸರಿಯಾಗಿ ನಿದ್ದೆ ಹತ್ತಿದ್ದು.

ಬೆಳಕು ಹರಿಯುತ್ತಲೇ ನೀರಿಗಿಳಿದು ಕೂಳಿಯ ಬಾಯಿ ತಿರುಗಿಸಿದ.

ಬಿಸಿಲೇರುವಷ್ಟರಲ್ಲಿ ಕೂಳಿ ಅದುರತೊಡಗಿತು. ಮೂವರೂ ಇಳಿದು ನೋಡಿದರು. ತೋಳುದ್ದದ ಬಾಳೆಮೀನು. ಹೊಟ್ಟೆ ಬಿರಿಯುವಷ್ಟು ಊದಿತ್ತು.

“ಭಲೆ!” ಎಂದ ಮಾದಪ್ಪ. “ಸ್ವಾಮಿಗಳೇ, ನಿಮ್ಮನ್ನ ತಪ್ಪು ತಿಳ್ಕೊಂಡಿದ್ದೆ. ಒಳಗೆ ಮೊಟ್ಟೆ ಬೇರೆ ಇದೆ. ಹುರಿದ್ರೆ ಏನ್ ರುಚಿ ಅಂತೀರಿ!”

ಬೋಳಯ್ಯ ಕೂಳಿಯ ಬಾಯಿ ಎತ್ತ ಕಡೆಗಿದೆ ಎಂದು ನೋಡಿದರು.

“ನಾನೇ ತಿರುಗಿಸಿದೆ, ಗುರುಗಳೇ.”

“ಕಾಣ್ತದೆ. ಸಾರಿಗೆ ಹುಣಿಸೆಹಣ್ಣು ನೆನೆಹಾಕಿದೀನಿ.”

ನಿಂಗರಾಜ ಇನ್ನೇನೋ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಗುರು ದಂಡೆ ಹತ್ತಿ ಹೋಗಿಯಾಗಿತ್ತು.

ಮೀನಿನ ಕಿವಿರು ತೆರೆದು ಮುಚ್ಚುತ್ತಿತ್ತು. ನಿಂಗರಾಜ ಬಹಳ ಹೊತ್ತು ನೋಡಿದ. ಯಾವ ಅರ್ಥವೂ ಹೊಳೆಯಲಿಲ್ಲ. ಮೀನು ಮಾತ್ರ ಕಾಣುತ್ತಿತ್ತು.

ಕೂಳಿಯನ್ನು ನೀರಿನಲ್ಲೇ ಎಳೆದುಕೊಂಡು ಹರಿವಿಗೆ ಎದುರಾಗಿ ನಡೆದ.

“ಲೋ, ಒಲೆ ಈ ಕಡೆ!” ಎಂದು ಅಣ್ಣ ಕೂಗಿದ.

ನೀರು ಸೊಂಟಕ್ಕೆ ಬಂತು. ಒಮ್ಮೆ ಜಾರಿ ಬಿದ್ದ, ಎದ್ದ. ಬಂಡೆಯ ಸಾಲು ದಾಟಿದ ಮೇಲೆ ಕೂಳಿಯ ಹಿಂಬದಿಯ ಕಟ್ಟು ಬಿಚ್ಚಿದ. ಮೀನು ಹೋಯಿತು.

ಮಾದಪ್ಪ ದಂಡೆಯ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ. “ಏನೋ ಇದು? ಏನಿದರ ಅರ್ಥ?”

“ಮೊಟ್ಟೆ ಇತ್ತು.”

“ಬಿಡೋದಾದ್ರೆ ಇಲ್ಲೇ ಬಿಡಬಹುದಿತ್ತಲ್ಲ. ಅಲ್ಲೀವರೆಗೆ ಯಾಕೆ ಎಳ್ಕೊಂಡು ಹೋದೆ?”

“ಅದು ಆ ಬಂಡೆ ಸಾಲು ಹಾರಬೇಕಾಗ್ತಿತ್ತು.”

ಮಾದಪ್ಪ ತಮ್ಮನ ಎಂದಿನ ವ್ಯಾಖ್ಯಾನಕ್ಕಾಗಿ ಕಾದ. ಬರಲಿಲ್ಲ. ಅವನಿಗೆ ಸ್ವಲ್ಪ ಗಾಬರಿಯಾಯಿತು.

ಮಧ್ಯಾಹ್ನ ಬೋಳಯ್ಯ ಅನ್ನಕ್ಕೆ ಸಾರು ಸುರಿದರು.

“ಮೀನೊಂದು ಬಿಟ್ಟು ಮೀನುಸಾರಿಗೆ ಹಾಕೋದೆಲ್ಲ ಹಾಕಿದೀರಿ,” ಎಂದ ಮಾದಪ್ಪ. ಬೈಯುತ್ತಲೇ ಉಂಡ. ಇನ್ನಷ್ಟು ಹಾಕಿಸಿಕೊಂಡ. ಹೊಳೆಯ ಗಾಳಿಗೆ ಅಂಗಿಯ ಗುಂಡಿ ಬಿಚ್ಚಿ ಗೋಡೆಗೊರಗಿದ.

ನಿಂಗರಾಜ ಬಟ್ಟೆಯ ಗಂಟು ತಂದು ಪಕ್ಕದಲ್ಲಿಟ್ಟ.

ಅಣ್ಣ ಅದನ್ನು ನೋಡಿ ತೇಗಿದ. “ಮೀನು ಸಿಕ್ಕಿದ್ದಂತೂ ನಿಜ. ಎಲೆಗೆ ಬಿದ್ದಿಲ್ಲ ಅನ್ನೋದೂ ನಿಜ. ಬಂದ್ರೆ ಗಿರಣಿ ಇದೆ. ಬರದಿದ್ರೆ ನಾನೇನು ಹೊತ್ಕೊಂಡು ಹೋಗಲ್ಲ. ನೀನೇ ಹೇಳಪ್ಪ.”

ನಿಂಗರಾಜ ಗುರುವಿನ ಕಡೆಗೆ ತಿರುಗಿದ.

“ಹೋಗಲೋ, ಇರಲೋ, ಗುರುಗಳೇ?”

ಬೋಳಯ್ಯ ಎಲೆ ಮಡಚಿದರು.

“ಕೂಳಿ ತಿರುಗಿಸೋವಾಗ ನನ್ನ ಕೇಳಲಿಲ್ಲ. ಮೀನು ಬಿಡೋವಾಗಲೂ ಕೇಳಲಿಲ್ಲ. ಎರಡರಲ್ಲಿ ಒಂದು ಸರಿಯಾಯ್ತು. ಮೂರನೇದಕ್ಕೆ ನಾನ್ಯಾಕೆ?”