ಸಂಸ್ಕಾರವಂತ ದ್ರವ

ಪ್ರೊಫೆಸರ್ ವೃಷಭೇಂದ್ರಯ್ಯನವರ ದ್ರವಸ್ಫಟಿಕ ಬರಿಯ ಗಾಜಿನ ಮೇಲೂ ತಾನಾಗಿಯೇ ಸಾಲಾಗಿ ನಿಲ್ಲುತ್ತದೆ ಎಂದು ಆ ವಿಭಾಗದಲ್ಲಿ ಎಲ್ಲರೂ ನಂಬಿದ್ದರು.

ದ್ರವಸ್ಫಟಿಕ ನೀರಿನಂತೆ ಹರಿಯುತ್ತದೆ. ಆದರೆ ಅದರ ಅಣುಗಳು ಕಡ್ಡಿಗಳಂತೆ ಒಂದೇ ದಿಕ್ಕಿಗೆ ನಿಲ್ಲಬಲ್ಲವು. ಟಿ.ವಿ. ಪರದೆಯೊಳಗೆ ಇರುವುದು ಅದೇ. ಬೇರೆಯವರು ಅದನ್ನು ಸಾಲಾಗಿ ನಿಲ್ಲಿಸಲು ಮೊದಲು ಗಾಜಿಗೆ ತೆಳುವಾದ ಲೇಪ ಹಚ್ಚುತ್ತಾರೆ. ನಮ್ಮದಕ್ಕೆ ಬೇಡ, ಅದು ಸಂಸ್ಕಾರವಂತ ದ್ರವ ಎಂದು ಪ್ರೊಫೆಸರ್ ಭಾಷಣಗಳಲ್ಲಿ ಹೇಳುತ್ತಿದ್ದರು. ಚಪ್ಪಾಳೆ ಬೀಳುತ್ತಿತ್ತು.

ಅವರ ಶಿಷ್ಯೆ ಪ್ರಫುಲ್ಲಾಳ ಪಿಎಚ್.ಡಿ. ಪ್ರಬಂಧವೂ ಇದನ್ನೇ ಹೇಳುತ್ತಿತ್ತು. ಅದನ್ನು ಪರೀಕ್ಷಿಸಲು ಬಾಗಲಕೋಟೆ ಕಡೆಯ ಕಡಕೋಳ ಎಂಬವರು ಬಂದರು. ಪ್ರಯೋಗ ತೋರಿಸಲು ಹೇಳಿದರು. ಆಕೆ ಸೋಪಿನಲ್ಲಿ ತೊಳೆದಿಟ್ಟ ಎರಡು ಗಾಜುಗಳನ್ನು ಬಟ್ಟೆಯಿಂದ ಮೇಲಿನಿಂದ ಕೆಳಕ್ಕೆ ಒರೆಸತೊಡಗಿದಳು.

“ಏನವ್ವಾ, ಒರೆಸೋ ಬಟ್ಟಿಗೂ ಜರಿ ಐತಲ್ಲ?” ಎಂದರು ಕಡಕೋಳ.

“ಸರ್‌ಗೆ ಸನ್ಮಾನದಲ್ಲಿ ಬಂದ ಶಾಲು ಸರ್. ಕತ್ತರಿಸಿ ಇಟ್ಕೊಂಡಿದ್ದೀವಿ. ಒಂದೇ ದಿಕ್ಕಿಗೆ ಒರೆಸಬೇಕು, ಇಲ್ದಿದ್ರೆ ಗೀರು ಬೀಳುತ್ತೆ ಅಂತ ಸರ್ ಹೇಳ್ಕೊಟ್ಟಿದ್ದಾರೆ.”

ಗಾಜುಗಳ ನಡುವೆ ದ್ರವ ತುಂಬಿದಳು. ಸೂಕ್ಷ್ಮದರ್ಶಕದಲ್ಲಿ ಬೆಳಕು ಹಾದ ಬಗೆಯಿಂದ ಗೊತ್ತಾಯಿತು: ಅಣುಗಳು ಮೇಲಿನಿಂದ ಕೆಳಕ್ಕೆ ಸಾಲಾಗಿ ನಿಂತಿದ್ದವು.

“ಓರೆ ಒರೆಸಿದ್ರ ನಿಮ್ಮ ಸಂಸ್ಕಾರವಂತ್ರು ಸಿಟ್ಟಿಗೇಳ್ತಾರೇನು?” ಕಡಕೋಳ ನಕ್ಕರು.

“ಊಟಕ್ಕೆ ಮಾಡಿಸಿರೋ ಹೋಳಿಗೆ ಆರಿಹೋಗುತ್ತೆ ಸ್ವಾಮಿ. ವರದಿಗೆ ಸಹಿ ಹಾಕಿ, ನಡೀರಿ,” ಎಂದರು ಪಕ್ಕದಲ್ಲೇ ನಿಂತಿದ್ದ ಪ್ರೊಫೆಸರ್.

ಕಡಕೋಳ ಪೆನ್ನು ತೆಗೆದರು. ಸುಮ್ಮನಿದ್ದರೆ ಪ್ರಫುಲ್ಲಾ ಸಂಜೆಯೊಳಗೆ ಡಾಕ್ಟರ್. ಆದರೆ ಆ ತಮಾಷೆ ಅವಳಿಗೆ ತಮಾಷೆಯಾಗಿ ಕಾಣಲಿಲ್ಲ.

“ಒಂದ್ನಿಮಿಷ ಸರ್, ನೋಡಿಬಿಡ್ತೀನಿ.”

“ಏನಮ್ಮಾ ನೋಡೋದು? ಗಾಜು ಒರೆಸೋದ್ರಲ್ಲೂ ಸಂಶೋಧನೆಯೇ?” ಪ್ರೊಫೆಸರ್ ಗದರಿದರು.

ಆಕೆ ಬೇರೆರಡು ಗಾಜುಗಳನ್ನು ಓರೆಯಾಗಿ ಒರೆಸಿ ದ್ರವ ತುಂಬಿದಳು. ಅಣುಗಳು ಓರೆಯಾಗಿ ನಿಂತವು. ಇನ್ನೆರಡನ್ನು ಸೋಪಿನ ಬದಲು ಆಮ್ಲದಲ್ಲಿ ತೊಳೆದು, ಒರೆಸದೆ ತುಂಬಿದಳು. ಅಣುಗಳು ಮನಬಂದಂತೆ ನಿಂತವು.

ಕಡಕೋಳ ಪೆನ್ನು ಜೇಬಿಗಿಟ್ಟುಕೊಂಡರು. ಪ್ರೊಫೆಸರ್ ಊಟಕ್ಕೆ ಹೋದರು. ಪ್ರಬಂಧ ತಿದ್ದಲು ವಾಪಸ್ಸಾಯಿತು; ಅದನ್ನು ಬೇರೆ ಶೀರ್ಷಿಕೆಯಲ್ಲಿ ಮತ್ತೆ ಬರೆಯಲು ಪ್ರಫುಲ್ಲಾಗೆ ಮತ್ತೆರಡು ವರ್ಷ ಹಿಡಿಯಿತು.

ತೊಳೆದ ಗಾಜಿನ ಮೇಲೆ ಕಣ್ಣಿಗೆ ಕಾಣದಷ್ಟು ಸೋಪು ಉಳಿಯುತ್ತಿತ್ತು. ಶಾಲು ಅದನ್ನು ತಲೆಗೂದಲಿನಂತೆ ಒಂದೇ ಕಡೆಗೆ ಬಾಚುತ್ತಿತ್ತು; ಅಣುಗಳು ಆ ಬಾಚಿದ ಕಡೆಗೇ ನಿಲ್ಲುತ್ತಿದ್ದವು. ಅದು ಎಂದೂ ಬರಿಯ ಗಾಜಾಗಿರಲಿಲ್ಲ.

ನೀತಿ: ಸಾಲಾಗಿ ನಿಂತವರ ಸ್ವಭಾವವನ್ನು ಹೊಗಳುವ ಮೊದಲು ಅವರು ನಿಂತ ನೆಲವನ್ನು ಯಾರು, ಯಾವ ಕಡೆಗೆ ಒರೆಸಿದ್ದಾರೆಂದು ನೋಡಬೇಕು. ನೋಡುವುದು ನಷ್ಟದ ಕೆಲಸ. ಆದರೂ ನೋಡಬೇಕು.